ದೇವರ ಕಂಬಳಿ ಏರಿದ ಹಡಗು

ನಮ್ಮ ಮನೆಯಲ್ಲಿ ಹಾಲಿನ ಪಾತ್ರೆಗೆ ಮುಚ್ಚುವ ತಗಡಿನ ತುಂಬ ತೂತುಗಳಿವೆ. ತೂತಿರುವ ತಗಡನ್ನು ಯಾರಾದರೂ ಹಾಲಿಗೆ ಮುಚ್ಚುತ್ತಾರೆಯೇ ಎಂದು ತಾವು ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಬೆಕ್ಕಿನ ಮೂತಿ ಒಳಗೆ ಹೋಗುವುದಿಲ್ಲ, ಬಿಸಿ ಹಾಲಿನ ಆವಿ ಮಾತ್ರ ಹೊರಗೆ ಬರುತ್ತದೆ ಎಂಬುದು ನನ್ನ ಅಮ್ಮನ ಸಮರ್ಥನೆ. ಪದವಿ ಪಡೆದ ಮೇಲೆ ನಾನು ಮನೆಗೆ ತಂದ ಮೊದಲ ಸುಧಾರಣೆ ಒಂದು ಸ್ಟೀಲಿನ ಮುಚ್ಚಳ. ಅದೀಗ ಕೋಳಿಗಳಿಗೆ ನೀರಿಡಲು ಬಳಕೆಯಾಗುತ್ತಿದೆ. ತಗಡು ತನ್ನ ಸ್ಥಾನದಲ್ಲಿಯೇ ಇದೆ.

ತೂತುಗಳೆಂದರೆ ಬರಿಯ ತೂತುಗಳಲ್ಲ, ಇಂಗ್ಲಿಷಿನ ಒಂಬತ್ತು ದೊಡ್ಡಕ್ಷರಗಳು. ಹಿಂದೆ ಸರಕಿನ ಮೂಟೆಗಳಿಗೆ ಹೆಸರು ಹಾಕಲು ಹೀಗೆ ಅಕ್ಷರ ಕತ್ತರಿಸಿದ ತಗಡನ್ನು ಗೋಣಿಯ ಮೇಲಿಟ್ಟು ಕಪ್ಪು ಬಣ್ಣ ಬಳಿಯುತ್ತಿದ್ದರಂತೆ. ತಗಡನ್ನು ಎತ್ತಿದರೆ ಹೆಸರು ಉಳಿಯುತ್ತಿತ್ತು. ಈ ತಗಡಿನಲ್ಲಿರುವುದು ಒಂದು ಸರಕು ಹಡಗಿನ ಹೆಸರು. ಆ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಅದನ್ನು ಮೂರು ವಿಧವಾಗಿ ಉಚ್ಚರಿಸಿ ನೋಡಿದ್ದೇನೆ. ಯಾವುದು ಸರಿಯೆಂದು ಖಚಿತವಾಗದೆ ಬರೆದು, ತಿಳಿದವರಾರಾದರೂ ನಕ್ಕುಬಿಟ್ಟರೆ ಎಂಬ ಅಂಜಿಕೆ. ಮನೆಯಲ್ಲಿ ನಾವು ಅದನ್ನು ‘ಅಜ್ಜಿ ಹಡಗು’ ಎನ್ನುತ್ತೇವೆ. ಇಲ್ಲಿಯೂ ಅಷ್ಟೇ ಸಾಕು.

ಅಜ್ಜಿ ಹಡಗು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಳುಗಿತು. ಅದನ್ನು ಮುಳುಗಿಸಿದ್ದು ಬಿರುಗಾಳಿಯಲ್ಲ, ಶತ್ರುವೂ ಅಲ್ಲ, ನನ್ನ ತಂದೆಯ ತಾಯಿ ಎಂಬುದು ನಮ್ಮ ಕುಟುಂಬದಲ್ಲಿ ಎಂಬತ್ತು ವರ್ಷಗಳಿಂದ ಯಾರೂ ಪ್ರಶ್ನಿಸದೆ ನಂಬಿಕೊಂಡು ಬಂದ ಸಂಗತಿ. ಅಜ್ಜಿಗೆ ಈಗ ತೊಂಬತ್ತು ದಾಟಿದೆ. ಹುಟ್ಟಿದ್ದು ಕೊಳಾಲದ ಕಡೆ, ಮದುವೆಯಾಗಿ ಬಂದದ್ದು ದೊಡ್ಡೇರಿಯ ಕಡೆ. ಪಶ್ಚಿಮಕ್ಕೆ ಸಿರಾ, ದಕ್ಷಿಣಕ್ಕೆ ಸಿದ್ದರಬೆಟ್ಟ. ಅವುಗಳಾಚೆಯ ಲೋಕವನ್ನು ಆಕೆ ಕಂಡವಳಲ್ಲ. ಸಮುದ್ರವನ್ನಂತೂ ಖಂಡಿತ ಕಂಡಿಲ್ಲ. ಅಂಥವಳು ಒಂದು ಹಡಗನ್ನು ಮುಳುಗಿಸಿದ್ದು ಹೇಗೆಂಬುದನ್ನು ಹೇಳುವ ಮೊದಲು ನನ್ನ ಅಕ್ಷರಾಭ್ಯಾಸದ ವಿಷಯವನ್ನು ತಿಳಿಸಿಬಿಡುತ್ತೇನೆ.

ನಾನು ಕಲಿತ ಮೊದಲ ಇಂಗ್ಲಿಷ್ ಅಕ್ಷರಗಳು ಆ ಒಂಬತ್ತೇ. ಒಲೆಯ ಇದ್ದಿಲನ್ನು ತಗಡಿನ ತೂತುಗಳಲ್ಲಿ ಆಡಿಸಿ ಗೋಡೆಯ ತುಂಬ ಹಡಗಿನ ಹೆಸರು ಬರೆಯುತ್ತಿದ್ದೆ. ಇಂಥ ತಗಡಿನ ಅಕ್ಷರಗಳಲ್ಲಿ ಒಂದು ವಿಶೇಷವಿದೆ. ನಡುವಿನ ತುಂಡು ಕಳಚಿ ಬೀಳದಿರಲೆಂದು ಅಲ್ಲಲ್ಲಿ ತಗಡನ್ನು ಕತ್ತರಿಸದೆ ಉಳಿಸಿರುತ್ತಾರೆ. ಹೀಗಾಗಿ ನಾನು ಬರೆದ ‘ಓ’ ಎರಡು ಹೋಳು. ‘ಆರ್’ ಕುತ್ತಿಗೆಯ ಬಳಿ ಮುರಿದದ್ದು. ಅಕ್ಷರವೆಂದರೆ ಹಾಗೆಯೇ ಇರುತ್ತದೆಂದು ನಾನು ತಿಳಿದಿದ್ದೆ. ಶಾಲೆಯಲ್ಲಿ ಮೇಷ್ಟರು ನನ್ನ ಸ್ಲೇಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

“ಏನಮ್ಮ, ನಿನ್ನ ಅಕ್ಷರಗಳೆಲ್ಲ ಮರದಿಂದ ಬಿದ್ದು ಮೂಳೆ ಮುರ್ಕಂಡವಾ?”

“ಇಲ್ಲ ಸಾ, ಹಡಗಿನ ಮ್ಯಾಲೆ ಇಂಗೇ ಬರೆಯಾದು. ನಮ್ಮಜ್ಜಿ ಹಡಗು ಮುಳುಗ್ಸವ್ಳೆ ಸಾ.”

“ಎಲ್ಲಿ, ನಿಮ್ಮೂರ ಕೆರೇಲಾ? ಅದ್ರಲ್ಲಿ ಎಮ್ಮೆ ಮುಳುಗೋಷ್ಟು ನೀರಿಲ್ವಲ್ಲ ಕಣಮ್ಮ!”

ತರಗತಿ ನಕ್ಕಿತು. ಅಂದಿನಿಂದ ಹತ್ತನೆಯ ತರಗತಿಯವರೆಗೆ ನನ್ನ ಹೆಸರು ‘ಹಡಗು’ ಎಂದೇ ಆಯಿತು. ಯಾವ ಮಾತನ್ನಾದರೂ ಮೂರು ಬಾರಿ ಪರಿಶೀಲಿಸದೆ ಬಾಯಿಂದ ಹೊರಗೆ ಬಿಡಬಾರದೆಂಬ ನನ್ನ ಅಭ್ಯಾಸ ಆ ದಿನ ಹುಟ್ಟಿರಬೇಕು. ಈ ಅಭ್ಯಾಸದಿಂದ ಪರೀಕ್ಷೆಗಳಲ್ಲಿ ಲಾಭವಾಗಿದೆ, ಸಂಭಾಷಣೆಗಳಲ್ಲಿ ನಷ್ಟವಾಗಿದೆ.

ಈಗ ಹಡಗಿನ ವಿಷಯ. ಯುದ್ಧಕಾಲದಲ್ಲಿ ಸೈನ್ಯಕ್ಕೆ ಕಂಬಳಿಗಳು ಬೇಕಾಗಿದ್ದವು. ಅಜ್ಜಿಯ ತಂದೆ ಕುರಿ ಸಾಕಿ, ಕಂಬಳಿ ನೇಯುತ್ತಿದ್ದವರು. ಸುತ್ತಲಿನ ಹಳ್ಳಿಗಳ ಮಗ್ಗಗಳಿಂದ ಬಂದ ಕಂಬಳಿಗಳನ್ನೆಲ್ಲ ಅವರ ಅಂಗಳದಲ್ಲಿ ರಾಶಿ ಹಾಕಿ, ಮೂಟೆ ಕಟ್ಟಿ, ತಗಡಿಟ್ಟು ಹಡಗಿನ ಹೆಸರು ಬಳಿದು ಗಾಡಿಗೆ ಏರಿಸುತ್ತಿದ್ದರು. ಒಂದು ಸಲ ಕೊನೆಯ ಮೂಟೆಗೆ ಒಂದು ಕಂಬಳಿ ಕಡಿಮೆ ಬಿತ್ತು. ಗುತ್ತಿಗೆದಾರನ ಕಡೆಯವನು ಅಂಗಳದ ನಡುವೆ ನಿಂತು, ಹತ್ತು ಜನರೆದುರಿಗೆ ಅಜ್ಜಿಯ ತಂದೆಯನ್ನು ಬಯ್ಯತೊಡಗಿದ. ಹನ್ನೊಂದು ಹನ್ನೆರಡು ವರ್ಷದ ಹುಡುಗಿ ಅದನ್ನು ಕೇಳಲಾರದೆ ಒಳಗೆ ಓಡಿದಳು. ಪೆಟ್ಟಿಗೆಯಿಂದ ಒಂದು ಕಂಬಳಿಯನ್ನು ತೆಗೆದು ತಂದು, ಯಾರೂ ಕಾಣದಂತೆ ರಾಶಿಯೊಳಗೆ ತುರುಕಿದಳು. ಮತ್ತೆ ಎಣಿಸಿದಾಗ ಲೆಕ್ಕ ಸರಿಯಾಗಿತ್ತು. ಬಯ್ದವನು ತಾನೇ ತಪ್ಪು ಎಣಿಸಿದ್ದೇನೆಂದು ಸುಮ್ಮನಾದ. ಮೂಟೆಗಳು ಹೋದವು, ತಗಡು ಮರೆತು ಅಂಗಳದಲ್ಲಿ ಉಳಿಯಿತು; ಮುಂದೆ ಅಜ್ಜಿಯ ಮದುವೆಯ ಸಾಮಾನಿನ ಜೊತೆ ನಮ್ಮ ಮನೆಗೆ ಬಂತು.

ಆ ಕಂಬಳಿ ದೇವರದಾಗಿತ್ತು.

ನಮ್ಮವರಲ್ಲಿ ಕುರಿಮರಿಗಳ ಮೈಯಿಂದ ಮೊದಲ ಬಾರಿ ಕತ್ತರಿಸಿದ ಉಣ್ಣೆಯನ್ನು ಬೇರೆಯಾಗಿಟ್ಟು, ಅದರಿಂದ ನೇಯ್ದ ಕಂಬಳಿಯನ್ನು ಬೀರಪ್ಪನಿಗೆ ಒಪ್ಪಿಸಬೇಕು. ಮನುಷ್ಯರು ಅದನ್ನು ಹೊದೆಯುವಂತಿಲ್ಲ. ಅಜ್ಜಿಯ ತವರಿನಲ್ಲಿ ಅದರ ಗುರುತಿಗಾಗಿ ಕಪ್ಪು ಕಂಬಳಿಯ ಅಂಚಿನಲ್ಲಿ ಬಿಳಿಯ ಉಣ್ಣೆಯ ಮೂರು ಗೆರೆಗಳನ್ನು ಕೂಡಿಸುತ್ತಿದ್ದರು. ಆ ವರ್ಷ ಬಿಳಿಯ ದಾರವನ್ನು ನೂತವಳು ಅಜ್ಜಿಯೇ. ರಾಟೆಯ ಮುಂದೆ ಕುಳಿತು ಆಕೆ ನೂತ ಮೊದಲ ದಾರ ಅದು.

ಕೆಲವು ತಿಂಗಳ ಮೇಲೆ ಸಿರಾ ಸಂತೆಗೆ ಹೋಗಿದ್ದವರು ಸುದ್ದಿ ತಂದರು: ನಿಮ್ಮ ಕಂಬಳಿ ಏರಿಸಿದ ಹಡಗು ಮುಳುಗಿಹೋಯಿತಂತೆ. ಹುಡುಗಿ ಹೆದರಿ ಎಲ್ಲವನ್ನೂ ಹೇಳಿಬಿಟ್ಟಳು. ತಂದೆ ಆಕೆಯನ್ನು ದೇವರ ಮುಂದೆ ನಿಲ್ಲಿಸಿದರು. ಅಂದಿನ ಪೂಜಾರಿ ಹೇಳಿದ ಮಾತನ್ನು ಅಜ್ಜಿ ಇಂದಿಗೂ ಅದೇ ಧಾಟಿಯಲ್ಲಿ ಹೇಳುತ್ತಾಳೆ: “ದ್ಯಾವ್ರ ಕಂಬ್ಳಿ ತಿರುಗಿ ಬರೋಗಂಟ ಈ ಹುಡುಗಿ ಮೈಮ್ಯಾಲೆ ಕಂಬ್ಳಿ ಬೀಳಂಗಿಲ್ಲ.”

ಬೀಳಲೂ ಇಲ್ಲ. ಮದುವೆಯಾದ ಮೇಲೆ ತಾತ ನೇಯ್ದ ಸಾವಿರಾರು ಕಂಬಳಿಗಳಿಗೆ ಉಣ್ಣೆ ನೂತವಳು ಅಜ್ಜಿ. ಹುಣಸೆಬೀಜದ ಗಂಜಿಯನ್ನು ಕಾಯಿಸಿ, ದಾರಕ್ಕೆ ಬಳಿದು, ಬಿಸಿಲಿಗೆ ಕಟ್ಟಿದವಳು ಅವಳೇ. ನಮ್ಮನ್ನೆಲ್ಲ ಕಂಬಳಿಯಲ್ಲಿ ಸುತ್ತಿ ಮಲಗಿಸಿ, ತಾನು ಹಳೆಯ ಸೀರೆಗಳ ಕೌದಿ ಹೊದ್ದು ಮುದುಡಿಕೊಳ್ಳುತ್ತಿದ್ದಳು. ಬಾಲ್ಯದಲ್ಲಿ ನನಗೆ ಅದು ವಿಚಿತ್ರವೆನಿಸಿರಲಿಲ್ಲ. ಕೆಲವರು ಬದನೆಕಾಯಿ ತಿನ್ನುವುದಿಲ್ಲ, ನಮ್ಮಜ್ಜಿ ಕಂಬಳಿ ಹೊದೆಯುವುದಿಲ್ಲ ಎಂದುಕೊಂಡಿದ್ದೆ.

ಈ ವರ್ಷದ ಚಳಿ ಆ ವಿಷಯವನ್ನು ಹಾಗೆ ಬಿಡಲಿಲ್ಲ. ಅಜ್ಜಿಗೆ ಎದೆ ಕಟ್ಟಿ, ಮಧುಗಿರಿಯ ಆಸ್ಪತ್ರೆಯಲ್ಲಿ ಆರು ದಿನ ಇರಿಸಬೇಕಾಯಿತು. ಮನೆಗೆ ಕಳುಹಿಸುವಾಗ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಮ್ಮೆ ಶೀತ ಎದೆಗಿಳಿದರೆ ಈ ವಯಸ್ಸಿನಲ್ಲಿ ಉಳಿಸುವುದು ಕಷ್ಟ, ಬೆಚ್ಚಗಿಡಿ ಎಂದರು. ಅಮ್ಮ ಅಂದೇ ಅಂಗಡಿಯಿಂದ ಹುಲಿಯ ಚಿತ್ರವಿರುವ ದಪ್ಪನೆಯ ರಗ್ಗು ತಂದಳು. ಅಜ್ಜಿ ಹುಲಿಯನ್ನು ಕಾಲಿನಿಂದ ಆಚೆಗೆ ತಳ್ಳಿದಳು.

“ಇದು ಕಂಬಳಿ ಅಲ್ಲ ಕಣತ್ತೆ, ಪ್ಲಾಸ್ಟಿಕ್ಕು. ಕುರಿ ಮುಟ್ಟೇ ಇಲ್ಲ ಇದುನ್ನ,” ಎಂದಳು ಅಮ್ಮ.

“ಬೆಚ್ಚಗಿದ್ರೆ ಅದೂ ಕಂಬ್ಳಿನೇ. ಬೀರಪ್ಪನಿಗೇನು ಗೊತ್ತಾಗಕಿಲ್ವಾ?”

“ಸತ್ತೋಗ್ತೀಯಾ ಇಂಗೆ!” ಎಂದು ಅಪ್ಪ ಕೂಗಿದ.

“ಹೋಗ್ಲಿ ಬುಡ್ಲಾ. ಹಡಗು ಮುಳುಗ್ಸಿದೋಳು ನಾನು. ನಂಗೇನು ಬೆಚ್ಚಗೆ?”

ಅಜ್ಜಿಯ ಕೈಕಾಲುಗಳು ಕೌದಿಯೊಳಗೆ ನಡುಗುತ್ತಿದ್ದುದು ಹೊರಗಿನಿಂದಲೇ ಕಾಣುತ್ತಿತ್ತು.

ನಾನು ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದ ಮೇಲ್ವಿಚಾರಕಿ. ಒಂದು ಬೆಳಿಗ್ಗೆ, ವಿದ್ಯಾರ್ಥಿಗಳಿಗೆ ತೋರಿಸಲು ಯೋಗ್ಯವಾದ ಜ್ಞಾನವರ್ಧಕ ವಿಡಿಯೋಗಳನ್ನು ಗಣಕಯಂತ್ರದಲ್ಲಿ ಹುಡುಕುತ್ತಿದ್ದೆ. ಸಮುದ್ರದ ತಳದಲ್ಲಿ ಮುಳುಗುಗಾರರು ಹಳೆಯ ಹಡಗೊಂದನ್ನು ನೋಡುತ್ತಿದ್ದ ದೃಶ್ಯ ಬಂತು. ತುಕ್ಕು, ಪಾಚಿ, ಮೀನು. ಮುಂದಕ್ಕೆ ಸರಿಸಬೇಕೆಂದಿದ್ದೆ. ಅಷ್ಟರಲ್ಲಿ ಒಬ್ಬ ಒಂದು ಕಂಚಿನ ಗಂಟೆಯ ಮೇಲಿನ ಕೊಳೆಯನ್ನು ಕೈಯಿಂದ ಉಜ್ಜಿದ. ಒಂದು ಅಕ್ಷರ ಕಾಣಿಸಿತು. ಮತ್ತೆ ಉಜ್ಜಿದ, ಎರಡನೆಯದು, ಮೂರನೆಯದು. ನಾಲ್ಕನೆಯದು ಕಾಣಿಸುವ ಮೊದಲೇ ಅದು ಯಾವುದೆಂದು ನನ್ನ ಬೆರಳುಗಳಿಗೆ ತಿಳಿದುಹೋಗಿತ್ತು; ಅವು ಮೇಜಿನ ಮೇಲೆ ತಾವಾಗಿಯೇ ಬರೆಯುತ್ತಿದ್ದವು, ಹೋಳಾದ ‘ಓ’ ಸಮೇತ. ಒಂಬತ್ತೂ ಅಕ್ಷರಗಳು ಹೊರಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ‘ನಿಶ್ಶಬ್ದವಾಗಿರಿ’ ಎಂದು ನಾನೇ ಬರೆದು ಅಂಟಿಸಿದ ಫಲಕದ ಕೆಳಗೆ ನಿಂತು, “ಅಜ್ಜಿ ಹಡಗು! ಅಜ್ಜಿ ಹಡಗು!” ಎಂದು ಕೂಗಿದೆನೆಂದು ಪತ್ರಿಕೆ ಓದುತ್ತಿದ್ದವರು ಆಮೇಲೆ ಹೇಳಿದರು.

ಹಡಗಿತ್ತು! ನಿಜವಾಗಿಯೂ ಇತ್ತು! ಮೇಷ್ಟರು ಇಂದು ಬದುಕಿದ್ದರೆ ಅವರ ಮನೆಗೆ ಹೋಗಿ ತೋರಿಸಿ ಬರುತ್ತಿದ್ದೆ.

ವಿಡಿಯೋದ ಕೆಳಗೆ, ಯುದ್ಧಕಾಲದಲ್ಲಿ ಮುಳುಗಿದ ಹಡಗುಗಳ ಕಾಗದಪತ್ರಗಳನ್ನು ಕೂಡಿಡುವ ವಿದೇಶದ ನಿವೃತ್ತ ನಾವಿಕರೊಬ್ಬರ ವಿಳಾಸವಿತ್ತು. ಅವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಾಯಿತು. ನನಗೆ ದೋಷವಿಲ್ಲದೆ ಬರೆಯಲು ಬರುವ ಇಂಗ್ಲಿಷ್ ಪತ್ರ ಒಂದೇ, ರಜೆಯ ಅರ್ಜಿ. ಆದ್ದರಿಂದ ಅದೇ ನಮೂನೆಯಲ್ಲಿ ಆರಂಭಿಸಿದೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಅಜ್ಜಿಯವರು ತಮ್ಮ ಹಡಗನ್ನು ಮುಳುಗಿಸಿರುವ ಬಗ್ಗೆ ದಯಮಾಡಿ ಪರಿಶೀಲಿಸಬೇಕಾಗಿ ವಿನಂತಿ. ಹನ್ನೊಂದು ಸಲ ತಿದ್ದಿದೆ. ಕಳುಹಿಸಿದ ಮೇಲೆ ನೋಡಿದರೆ, ಕೊನೆಯಲ್ಲಿ ‘ತಮ್ಮ ವಿಧೇಯ ವಿದ್ಯಾರ್ಥಿನಿ’ ಎಂಬುದು ಹಾಗೆಯೇ ಉಳಿದಿತ್ತು.

ಆ ಪುಣ್ಯಾತ್ಮರು ನಗಲಿಲ್ಲ. ನಕ್ಕಿದ್ದರೂ ನನಗೆ ಕೇಳಿಸಲಿಲ್ಲ. ಹನ್ನೆರಡನೆಯ ದಿನ ಎರಡು ಪುಟಗಳ ಉತ್ತರ ಬಂತು, ಜೊತೆಗೊಂದು ಛಾಯಾಚಿತ್ರ. ಮೊದಲ ಪುಟವನ್ನು ಓದಿದೆ. ನಡುವಿನ ಒಂದು ಸಾಲಿನಲ್ಲಿ ನಿಂತುಬಿಟ್ಟೆ. ಮತ್ತೆ ಓದಿದೆ. ಮೂರನೆಯ ಬಾರಿ ಓದುವಷ್ಟು ತಾಳ್ಮೆ, ನನ್ನ ಜೀವನದಲ್ಲಿ ಮೊದಲ ಬಾರಿಗೆ, ಇರಲಿಲ್ಲ. ಎಲ್ಲವನ್ನೂ ಮುದ್ರಿಸಿಕೊಂಡು, ಗ್ರಂಥಾಲಯಕ್ಕೆ ಬೀಗ ಹಾಕಿ ರಸ್ತೆಗೆ ಓಡಿ ಬಂದೆ. ನಮ್ಮ ಚಿಕ್ಕಪ್ಪನ ಆಟೋ ಎದುರಿಗೆ ಸಿಕ್ಕಿತು. ಚಿಕ್ಕಪ್ಪ ಎಂದರೆ ಅಪ್ಪನ ದಾಯಾದಿ ತಮ್ಮ. ವಾರದ ಆರು ದಿನ ಆಟೋ ಓಡಿಸುತ್ತಾನೆ, ಸೋಮವಾರ ಬೀರಪ್ಪನ ಪೂಜೆ ಮಾಡುತ್ತಾನೆ.

“ಏನ್ ಮಗಾ, ಇಂಗೆ ಓಡ್ತಿದ್ದೀಯಾ? ಅಜ್ಜಿಗೇನಾದ್ರೂ...?”

“ಇಲ್ಲ ಚಿಕ್ಕಪ್ಪ, ಬೇಗ ಹೊಡಿ, ಹಡಗು ಸಿಕ್ತು!”

ಅವನು ಏನು ತಿಳಿದುಕೊಂಡನೋ, ಹಾರನ್ನಿನ ಮೇಲಿಟ್ಟ ಕೈಯನ್ನು ಮನೆಯವರೆಗೂ ತೆಗೆಯಲಿಲ್ಲ.

ಅಜ್ಜಿ ಜಗಲಿಯ ಬಿಸಿಲಿನಲ್ಲಿ ಕೌದಿ ಸುತ್ತಿಕೊಂಡು ಕುಳಿತಿದ್ದಳು. ಅಪ್ಪ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ನಾನು ಏದುಸಿರು ಬಿಡುತ್ತ ಹೇಳಿದೆ: “ಅಜ್ಜೀ, ಹಡಗಿನ ಅವಸಾನವು ಹಿಂದಿರುಗುವ ಪ್ರಯಾಣದಲ್ಲಿ ಸಂಭವಿಸಿತು!”

“ರೇಡಿಯೋ ಮಾತಾಡ್ದಂಗೆ ಮಾತಾಡ್ಬ್ಯಾಡ ಕಣವ್ವ. ನೆಟ್ಟಗೆ ಹೇಳು.”

“ಕಂಬ್ಳಿ ಮುಳುಗ್ಲಿಲ್ಲ ಅಜ್ಜಿ! ಇಟಲಿ ಅಂತ ಒಂದು ದೇಶ. ಅಲ್ಲಿ ಕಂಬ್ಳಿ, ಡೇರೆ, ಎಲ್ಲಾನೂ ಇಳಿಸ್ಬುಟ್ಟು ವಾಪಸ್ಸು ಬರ್ವಾಗ ಮುಳುಗೈತೆ. ಖಾಲಿ ಹಡಗು. ಬರೀ ಮರಳು ತುಂಬಿದ್ರಂತೆ.”

“ಮರಳು ಯಾಕಂತೆ?”

“ಖಾಲಿ ಆಟೋ ಹಳ್ಳದಾಗೆ ಎಗರಾಡಕಿಲ್ವಾ ದೊಡ್ಡವ್ವ? ಅಂಗೇ. ಭಾರ ಬೇಕು,” ಎಂದ ಚಿಕ್ಕಪ್ಪ. ಇಷ್ಟು ಸರಳವಾಗಿ ನಾನು ವಿವರಿಸುತ್ತಿರಲಿಲ್ಲ.

“ಅಂಗಾರೆ ಮುಳುಗ್ಸಿದ್ದು ಯಾರು?”

“ಶತ್ರುಗಳು. ನೀರೊಳಗೆ ಓಡಾಡೋ ಹಡಗಿಂದ ಹೊಡೆದ್ರಂತೆ.”

“ನೀರೊಳಗೆ ಅವಿತ್ಕಂಡಾ? ಥೂ, ಅವರ ಮಕ ಮುಚ್ಚ!” ಎಂದಳು ಅಜ್ಜಿ. “ಇಷ್ಟು ವರ್ಷ ಅವರ್ ಮಾಡಿದ್ದುನ್ನ ನಾನು ಹೊತ್ಕಂಡಿದ್ನಲ್ಲೇ.”

ಅಪ್ಪ ನಕ್ಕ. ಚಿಕ್ಕಪ್ಪನೂ ನಕ್ಕ. ನಾನು ಪದವಿ ಪ್ರಮಾಣಪತ್ರ ಪಡೆದ ದಿನಕ್ಕಿಂತ ಹೆಚ್ಚಿನ ಸಂತೋಷದಲ್ಲಿದ್ದೆ. ಅಜ್ಜಿ ಮಾತ್ರ ನನ್ನ ಕೈಯಲ್ಲಿದ್ದ ಹಾಳೆಗಳನ್ನೇ ನೋಡುತ್ತಿದ್ದಳು.

“ಜನ?” ಎಂದಳು.

“ಯಾವ ಜನ ಅಜ್ಜಿ?”

“ಹಡಗ್ನಾಗೆ ಇದ್ದೋರು ಕಣವ್ವ. ಇನ್ನೂರು ಜನ ನೀರು ಕುಡುದು ಸತ್ರು ಅಂತ ಸಂತೇಲಿ ಹೇಳಿದ್ರಲ್ಲ.”

ಈ ಕಥೆಯನ್ನು ಅಜ್ಜಿಯ ಬಾಯಿಂದ ನಾವು ನೂರಾರು ಬಾರಿ ಕೇಳಿದ್ದೇವೆ. ಆ ಇನ್ನೂರು ಜನ ಒಂದು ಬಾರಿಯೂ ಅದರಲ್ಲಿ ಬಂದಿರಲಿಲ್ಲ. ದೇವರ ಕೋಪಕ್ಕೆ ಹೆದರಿ ಅಜ್ಜಿ ಕಂಬಳಿ ಬಿಟ್ಟಿದ್ದಾಳೆಂದು ನಾವೆಲ್ಲ ತಿಳಿದಿದ್ದೆವು.

ಎರಡನೆಯ ಪುಟವನ್ನು ನಾನು ಓದಿರಲಿಲ್ಲ. ನಾಚಿಕೆಯಿಂದ ಅಲ್ಲಿಯೇ ನಿಂತು ಓದಿದೆ. ಹಡಗಿನವರು ದೋಣಿಗಳಲ್ಲಿ ಇಳಿದಿದ್ದರು. ಮರುದಿನ ಬೇರೊಂದು ಹಡಗು ಅವರನ್ನು ಎತ್ತಿಕೊಂಡಿತ್ತು. ಕೆಳಗೆ ಇಂಜಿನ್ನಿನ ಕೋಣೆಯಲ್ಲಿದ್ದ ಇಬ್ಬರು ಮಾತ್ರ ಮೇಲೆ ಬರಲಿಲ್ಲ.

“ಇಬ್ರು,” ಎಂದಳು ಅಜ್ಜಿ. ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡು ಕೇಳಿದಳು: “ಹೆಸ್ರು ಬರ್ದವ್ರಾ?”

ಬರೆದಿದ್ದರು. ತಪ್ಪಾದೀತೆಂಬ ಅಂಜಿಕೆಯಿಂದಲೇ ಆ ಎರಡು ಪರದೇಶದ ಹೆಸರುಗಳನ್ನು ಓದಿದೆ. ಅಜ್ಜಿ ಅಂಜದೆ, ತನ್ನ ನಾಲಿಗೆಗೆ ಒಗ್ಗಿದಂತೆ ಅವನ್ನು ಒಂದೊಂದಾಗಿ ಹೇಳಿ ಕೈಮುಗಿದಳು. ಅವಳ ಬಾಯಿಯಲ್ಲಿ ಅವು ನಮ್ಮ ಊರಿನ ಇಬ್ಬರ ಹೆಸರುಗಳಂತೆಯೇ ಕೇಳಿಸಿದವು.

ಚಿಕ್ಕಪ್ಪ ಮುಂದೆ ಬಂದ. “ಸರಿ ದೊಡ್ಡವ್ವ, ತಪ್ಪು ಕಳೀತು. ಪೂಜಾರಿ ನಾನೇ ಹೇಳ್ತಾ ಇವ್ನಿ. ಹೊದ್ಕೊ ಕಂಬ್ಳಿ.”

“ಲೇ, ಆಟೋ ಓಡ್ಸಿ ಓಡ್ಸಿ ದ್ಯಾವ್ರ ಮಾತು ಮರ್ತೋಯ್ತೇನ್ಲಾ? ಮುಳುಗ್ದೆ ಇದ್ರೆ ಸಾಕು ಅಂದಿದ್ರಾ? ತಿರುಗಿ ಬರ್ಬೇಕು ಅಂದಿದ್ರು. ಬಂತಾ?”

ಯಾವ ನ್ಯಾಯಾಲಯವೂ ಈ ವಾದವನ್ನು ತಳ್ಳಿಹಾಕಲಾರದು. ಚಿಕ್ಕಪ್ಪ ಆಟೋದ ಕಡೆಗೆ ನೋಡತೊಡಗಿದ. ನನ್ನ ಉತ್ಸಾಹ ಜರ್ರನೆ ಇಳಿಯಿತು. ಹಾಳೆಗಳನ್ನು ಮಡಿಸುವಾಗ ಮೂರನೆಯದು ಜಾರಿ ಅಜ್ಜಿಯ ಮಡಿಲಿಗೆ ಬಿತ್ತು. ಅದು ಛಾಯಾಚಿತ್ರ. ಹಿಮ ಬಿದ್ದ ಬಯಲು, ಸಣ್ಣ ಬೆಂಕಿ, ಅದರ ಸುತ್ತ ಕಪ್ಪು ಕಂಬಳಿ ಹೊದ್ದು ಕುಳಿತ ನಾಲ್ವರು ಸೈನಿಕರು. ಇಟಲಿಯ ಬಂದರಿನಲ್ಲಿ ಇಳಿದ ಕಂಬಳಿಗಳು ಇಂಥವರಿಗೆ ತಲುಪಿರಬಹುದು ಎಂದಷ್ಟೇ ಆ ನಾವಿಕರು ಎಚ್ಚರಿಕೆಯಿಂದ ಬರೆದಿದ್ದರು.

ಅಜ್ಜಿ ಹಾಳೆಯನ್ನು ಮೂಗಿನ ತುದಿಗೆ ತಂದುಕೊಂಡಳು. ಬೆರಳಿನಿಂದ ಒಬ್ಬ ಸೈನಿಕನ ಹೆಗಲನ್ನು ಸವರಿದಳು. ಅವನು ಇನ್ನೂ ಮೀಸೆ ಬಾರದ ಹುಡುಗ.

“ಮೂರು ಗೆರೆ,” ಎಂದಳು. “ನೋಡು. ಬಿಳೀವು. ನಂದೇ ದಾರ.”

ಬಗ್ಗಿ ನೋಡಿದೆ. ಕಂಬಳಿಯ ಅಂಚಿನಲ್ಲಿ ಬಿಳಿಯ ಗೆರೆಗಳು ಇದ್ದುದು ನಿಜ. ಆದರೆ ನಮ್ಮ ಗ್ರಂಥಾಲಯದ ಮುದ್ರಣಯಂತ್ರ ಕಪ್ಪು ಭಾಗಗಳಲ್ಲಿ ಬಿಳಿಯ ಗೆರೆಗಳನ್ನು ಬಿಡುತ್ತದೆ. ಈ ದೋಷದ ಕುರಿತು ನಾನೇ ಎರಡು ಬಾರಿ ಲಿಖಿತ ದೂರು ಸಲ್ಲಿಸಿದ್ದೇನೆ. ಮೂಲಚಿತ್ರ ನನ್ನ ಫೋನಿನಲ್ಲಿತ್ತು. ಹಿಗ್ಗಿಸಿ ನೋಡಿದ್ದರೆ ಅರೆನಿಮಿಷದಲ್ಲಿ ಸತ್ಯ ತಿಳಿಯುತ್ತಿತ್ತು. ಎಲ್ಲವನ್ನೂ ಮೂರು ಬಾರಿ ಪರಿಶೀಲಿಸುವ ನಾನು ಅದನ್ನು ಅಂದು ನೋಡಲಿಲ್ಲ. ಇಂದಿಗೂ ನೋಡಿಲ್ಲ.

“ಮೂರೇ ಅಜ್ಜಿ,” ಎಂದೆ.

“ತಿರುಗಿ ಬಂತಲ್ಲಾ ಮನೆಗೆ,” ಎಂದಳು ಅಜ್ಜಿ, ಹಾಳೆಯನ್ನು ಎರಡೂ ಕೈಗಳಲ್ಲಿ ಹಿಡಿದು. “ಪೂಜಾರಿ, ಏಳ್ಲಾ!”

ಅಂದು ಸೋಮವಾರವಲ್ಲ, ಆದರೂ ಚಿಕ್ಕಪ್ಪ ಗುಡಿಯ ಬಾಗಿಲು ತೆರೆದ. ಬೀರಪ್ಪನ ಮುಂದೆ ಆ ಹಾಳೆಯನ್ನಿಟ್ಟು ಅರಿಸಿನದ ಭಂಡಾರ ಹಚ್ಚಿದ. ನಾಲ್ವರು ಸೈನಿಕರ ಮುಖವೂ ಹಳದಿಯಾಯಿತು. ಮನೆಗೆ ಬರುವಷ್ಟರಲ್ಲಿ ಅಮ್ಮ ಅಟ್ಟದಿಂದ ಒಂದು ಕಂಬಳಿಯನ್ನು ಇಳಿಸಿ, ಬಿಸಿಲಿಗೆ ಒದರಿ ಇಟ್ಟಿದ್ದಳು. ತಾತ ನೇಯ್ದದ್ದು, ಅಜ್ಜಿಯೇ ನೂತದ್ದು. ಅಪ್ಪ ಅದನ್ನು ಬಿಡಿಸಿ ತಾಯಿಯ ಹೆಗಲ ಮೇಲೆ ಹೊದಿಸಿದ.

ನಾವೆಲ್ಲ ಸುತ್ತ ನಿಂತಿದ್ದೆವು. ಅಜ್ಜಿ ಕುತ್ತಿಗೆಯನ್ನು ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ತಿರುಗಿಸಿದಳು. ಮುಖ ಹಿಂಡಿದಳು.

“ಅಯ್ಯಯ್ಯೋ, ಇಷ್ಟು ಚುಚ್ಚುತ್ತಾ ಇದು! ಇದುನ್ನ ಹೊದ್ಕಂಡೇನ್ಲಾ ಪಾಪ ಆ ಹುಡುಗ್ರು ಯುದ್ಧ ಮಾಡಿದ್ದು?”

“ತೆಗೀಲಾ ಅತ್ತೆ?” ಎಂದು ಅಮ್ಮ ಗಾಬರಿಯಿಂದ ಕೈ ಚಾಚಿದಳು.

“ಮುಟ್ಟಿದ್ರೆ ನೋಡು!” ಎಂದ ಅಜ್ಜಿ, ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು.